ಇಪ್ಪತ್ತಾರು ರೂಪಾಯಿಯ ರಿಜಿಸ್ಟರ್ ಪೋಸ್ಟು

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಅಕ್ಟೋಬರ್ ತಿಂಗಳು. ನಮ್ಮೂರಿನ ಅಂಚೆ ಕಚೇರಿಗೆ ಒಂದು ಕವರ್ ಹಿಡಿದುಕೊಂಡು ಹೋಗಿದ್ದೆ. ಅದು ನನ್ನದಲ್ಲ, ಪಕ್ಕದ ಮನೆಯ ಅಜ್ಜಿಯದು. ಅವರ ಹೊಲದ ಪಹಣಿಯಲ್ಲಿ ಹೆಸರು ತಪ್ಪಾಗಿತ್ತು. ಎರಡು ವರ್ಷ ಓಡಾಡಿದರೂ ಸರಿಯಾಗಿರಲಿಲ್ಲ. ಕೊನೆಗೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಬರೆದುಕೊಟ್ಟೆ. ಆ ಅರ್ಜಿಗೆ ಶುಲ್ಕ 10 ರೂಪಾಯಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಕವರ್ ಅಂಟಿಸಿ, ಬೆಂಗಳೂರಿನ ವಿಳಾಸ ಬರೆದು, ‘ರಿಜಿಸ್ಟರ್ ಮಾಡಿಕೊಡಮ್ಮಾ’ ಅಂದೆ.

‘ರಿಜಿಸ್ಟರ್ ಈಗ ಬೇರೆ ಇಲ್ಲ ಸರ್. ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ’ ಅಂದಳು ಕೌಂಟರ್‌ನಲ್ಲಿದ್ದ ಹುಡುಗಿ. ತೂಕ ಮಾಡಿ, ಲೆಕ್ಕ ಹಾಕಿ, ಮೆಲ್ಲಗೆ ಹೇಳಿದಳು. ‘ಅರವತ್ತೊಂದು ರೂಪಾಯಿ ಆಗುತ್ತೆ.’

ಅಜ್ಜಿ ನನ್ನ ಕೈಗೆ ಮೂವತ್ತು ರೂಪಾಯಿ ಕೊಟ್ಟು ಕಳಿಸಿದ್ದರು. ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಟ್ಟಿದ್ದರು. ಅವರ ಲೆಕ್ಕ ತಪ್ಪಿರಲಿಲ್ಲ. ಅದೇ ಕವರ್ ಆಗಸ್ಟ್‌ನಲ್ಲಿ ಕಳಿಸಿದ್ದರೆ 26 ರೂಪಾಯಿಗೆ ಹೋಗುತ್ತಿತ್ತು. 20 ಗ್ರಾಂ ಒಳಗಿನ ಕಾಗದಕ್ಕೆ 5 ರೂಪಾಯಿ ಸ್ಟಾಂಪು. ರಿಜಿಸ್ಟರ್ ಮಾಡಲು 17. ಅದರ ಮೇಲೆ ಜಿಎಸ್‌ಟಿ. ಒಟ್ಟು 25 ರೂಪಾಯಿ 96 ಪೈಸೆ. ಆಮೇಲೆ ಈ ಸೇವೆಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಸಿದರು. ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ದರವನ್ನೇ ಏರಿಸಿದರು. ಊರಿನೊಳಗೆ ಆದರೆ 50 ಗ್ರಾಂವರೆಗೆ 19 ರೂಪಾಯಿ. ಊರು ದಾಟಿತು ಅಂದರೆ 47. ವಿಳಾಸದಲ್ಲಿರುವವರ ಕೈಗೇ ತಲುಪಬೇಕು ಅಂತ ರಿಜಿಸ್ಟರ್ ಮಾಡಿಸಿದರೆ ಇನ್ನೂ 5. ಜಿಎಸ್‌ಟಿ ಕೂಡಿಸಿ 61 ರೂಪಾಯಿ 36 ಪೈಸೆ. ಅರ್ಜಿಯ ಶುಲ್ಕ ಹತ್ತು, ಅದನ್ನು ತಲುಪಿಸಲು ಅರವತ್ತೊಂದು!

ಅಂಚೆ ಇಲಾಖೆಯ ಕಡೆಯಿಂದಲೂ ಯೋಚಿಸಬೇಕು. ಸ್ಪೀಡ್ ಪೋಸ್ಟ್ ದರ ಅದಕ್ಕೂ ಮೊದಲು ಏರಿದ್ದು 2012ರ ಅಕ್ಟೋಬರ್‌ನಲ್ಲಿ. ಹದಿಮೂರು ವರ್ಷ ಯಾವ ಅಂಗಡಿಯವರು ತಾನೇ ಹಳೇ ಬೆಲೆಗೆ ಮಾರುತ್ತಾರೆ, ಹೇಳಿ? ನಮ್ಮ ಪೋಸ್ಟ್ ಕಾರ್ಡನ್ನೇ ನೋಡಿ. 1879ರ ಜುಲೈ 1ರಂದು ಈ ದೇಶದಲ್ಲಿ ಕಾರ್ಡು ಶುರುವಾದಾಗ ಅದರ ಬೆಲೆ ಕಾಲಾಣೆ. ಈಗ 50 ಪೈಸೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಅದು 50 ಪೈಸೆಯಲ್ಲೇ ನಿಂತಿದೆ. ಒಂದು ಕಾರ್ಡು ತಲುಪಿಸಲು ಇಲಾಖೆಗೆ ಬೀಳುವ ಖರ್ಚು ಎಷ್ಟು ಗೊತ್ತಾ? 2016–17ರ ವರದಿಯಲ್ಲೇ ಅದು 12 ರೂಪಾಯಿ ದಾಟಿತ್ತು. ಐವತ್ತು ಪೈಸೆ ತೆಗೆದುಕೊಂಡು ಹನ್ನೆರಡು ರೂಪಾಯಿಯ ಕೆಲಸ ಮಾಡಿಕೊಡುತ್ತಿದ್ದಾರೆ. ಕಾರ್ಡಿಗೆ ಎರಡು ರೂಪಾಯಿ ಮಾಡಿದರೆ ನಾನು ಖುಷಿಯಿಂದ ಕೊಡುತ್ತೇನೆ. ಮೂರು ಮಾಡಿದರೂ ಕೊಡುತ್ತೇನೆ.

ಹಾಗಾಗಿ ದರ ಏರಿತು ಅನ್ನುವುದಷ್ಟೇ ನನ್ನ ದೂರಲ್ಲ. ಅಜ್ಜಿಗೆ ಅವಸರ ಇರಲಿಲ್ಲ. ಎರಡು ವರ್ಷ ಕಾದವರು, ಇನ್ನೆರಡು ದಿನ ಕಾಯಲಾರರೇ? ಅವರಿಗೆ ಬೇಕಿದ್ದದ್ದು ಒಂದು ರಸೀದಿ. ಕಾಗದ ಆ ಕಚೇರಿಗೆ ಮುಟ್ಟಿದೆ, ಯಾರೋ ಸಹಿ ಹಾಕಿ ತಗೊಂಡಿದ್ದಾರೆ ಅನ್ನುವ ದಾಖಲೆ. ನಿಧಾನವಾಗಿ ಹೋಗುವ, ಆದರೆ ಖಾತ್ರಿಯಾಗಿ ತಲುಪುವ ಒಂದು ದಾರಿ ಇತ್ತು. ಅದು ಬಡವರ ದಾರಿ. ಜಮೀನಿನ ತಕರಾರು, ಪಿಂಚಣಿ ಅರ್ಜಿ, ವಕೀಲರ ನೋಟಿಸು, ಎಲ್ಲ ಆ ದಾರಿಯಲ್ಲೇ ಹೋಗುತ್ತಿದ್ದವು. ಈಗ ಖಾತ್ರಿ ಬೇಕಾದರೆ ಅದರ ಜೊತೆ ವೇಗವನ್ನೂ ಕೊಳ್ಳಬೇಕು.

ಏಣಿಯಲ್ಲಿ ಕೆಳಗಿನ ಮೆಟ್ಟಿಲು ಕಿತ್ತರೆ ಎತ್ತರದವರಿಗೆ ಏನೂ ಅನ್ನಿಸುವುದಿಲ್ಲ. ಅವರು ಸೀದಾ ಎರಡನೆಯದಕ್ಕೇ ಕಾಲಿಡುತ್ತಾರೆ. ಮೊದಲನೇ ಮೆಟ್ಟಿಲು ಬೇಕಾಗುವುದು ಮಕ್ಕಳಿಗೆ, ಮುದುಕರಿಗೆ. ಅವತ್ತು ಮನೆಗೆ ಬರುವಾಗ ದಾರಿಯುದ್ದಕ್ಕೂ ಇದನ್ನೇ ಯೋಚಿಸುತ್ತಿದ್ದೆ.

ನಾನು ಮೇಷ್ಟ್ರಾಗಿದ್ದವನು. ನಿವೃತ್ತಿಯಾದ ಮೇಲೆ ಗೆಳೆಯರು ಸೇರಿಕೊಂಡು ಮಕ್ಕಳಿಗೆ ಸಣ್ಣ ಸಣ್ಣ ಕನ್ನಡ ಪುಸ್ತಕ ಮಾಡುತ್ತೇವೆ. ಹಳ್ಳಿ ಶಾಲೆಗಳಿಗೆ, ಕಾಸರಗೋಡಿಗೆ, ಸೊಲ್ಲಾಪುರಕ್ಕೆ, ಮುಂಬೈನಲ್ಲಿರುವ ಕನ್ನಡದ ಮನೆಗಳಿಗೆ ಅಂಚೆಯಲ್ಲಿ ಕಳಿಸುತ್ತೇವೆ. ಪುಸ್ತಕಕ್ಕೆ ಒಂದು ಒಳ್ಳೆಯ ರಿಯಾಯಿತಿ ಇತ್ತು. ನೂರು ಗ್ರಾಂ ಪುಸ್ತಕಕ್ಕೆ ಒಂದೇ ರೂಪಾಯಿ. ಬೆಳಗಾವಿಗೆ ಹೋಗಲಿ, ದೆಹಲಿಗೆ ಹೋಗಲಿ, ಅಷ್ಟೇ. ರಿಜಿಸ್ಟರ್ ಮಾಡಿಸಿ, ಜಿಎಸ್‌ಟಿ ಸೇರಿಸಿದರೂ ಒಂದು ಕಿಲೋ ಪುಸ್ತಕ 32 ರೂಪಾಯಿಗೆ ದೇಶದ ಯಾವ ಮೂಲೆಗಾದರೂ ತಲುಪುತ್ತಿತ್ತು. ಐದು ಕಿಲೋ 80 ರೂಪಾಯಿಗೆ. ಪುಸ್ತಕ ಅನ್ನುವುದು ಬೇರೆ ಸರಕಿನ ಹಾಗಲ್ಲ, ಅದು ಎಲ್ಲರ ಕೈಗೂ ಸಿಗಬೇಕು ಅಂತ ಯಾರೋ ದೊಡ್ಡ ಮನಸ್ಸಿನವರು ಮಾಡಿದ ನಿಯಮ ಅದು.

2024ರ ಡಿಸೆಂಬರ್ 18ರಂದು ಆ ಸೇವೆ ನಿಂತಿತು. ಮೊದಲೇ ಯಾರೂ ಹೇಳಿರಲಿಲ್ಲ. ಕೌಂಟರ್‌ಗೆ ಹೋದ ಮೇಲೇ ನಮಗೆ ಗೊತ್ತಾದದ್ದು. ಐದು ಕಿಲೋ ಪುಸ್ತಕದ ಕಟ್ಟೊಂದಕ್ಕೆ ಪಾರ್ಸಲ್ ದರದಲ್ಲಿ 229 ರೂಪಾಯಿ ಆಗುತ್ತಿತ್ತು. ನಮ್ಮ ಪುಸ್ತಕದ ಬೆಲೆ ಮೂವತ್ತು, ನಲವತ್ತು ರೂಪಾಯಿ. ಮೂವತ್ತು ರೂಪಾಯಿಯ ಒಂದೇ ಪುಸ್ತಕ ಕಳಿಸಲು ಅದರ ಬೆಲೆಗಿಂತ ಜಾಸ್ತಿ ಕೊಡುವುದು ಹೇಗೆ? ನಾಲ್ಕು ತಿಂಗಳು ಪುಸ್ತಕದ ಕಟ್ಟುಗಳು ನಮ್ಮ ನಡುಮನೆಯಲ್ಲೇ ಕೂತವು. ಪ್ರತಿದಿನ ಅವುಗಳನ್ನು ದಾಟಿಕೊಂಡು ಓಡಾಡುವಾಗ ಬಹಳ ಸಂಕಟ ಆಗುತ್ತಿತ್ತು. ಆ ಕಟ್ಟುಗಳ ಮೇಲೆ ಶಾಲೆಗಳ ಹೆಸರು ಬರೆದಾಗಿತ್ತು.

ಪ್ರಕಾಶಕರು, ಓದುಗರು ದೇಶದ ತುಂಬಾ ದನಿ ಎತ್ತಿದರು. ಆಮೇಲೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂತು. 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ರೈಲು, ಲಾರಿಯಲ್ಲಿ ನಿಧಾನವಾಗಿ ಹೋಗುತ್ತದೆ. ಎಲ್ಲಿ ತಲುಪಿದೆ ಅಂತ ನೋಡಿಕೊಳ್ಳಬಹುದು. ಇದನ್ನು ತಂದವರಿಗೆ ನಾನು ಮನಸಾರೆ ಕೃತಜ್ಞ. ಪುಸ್ತಕಕ್ಕೆ ಕೆಳಗಿನ ಮೆಟ್ಟಿಲನ್ನು ಮತ್ತೆ ಕೂಡಿಸಿದರು. ಹಾಗೆಯೇ ಕಾಗದಕ್ಕೂ ಕೂಡಿಸಬಹುದು. ನಿಧಾನವಾಗಿ ಹೋಗುವ, ರಸೀದಿ ಇರುವ ಒಂದು ಅಂಚೆಯನ್ನು ಇಪ್ಪತ್ತೈದು ಮೂವತ್ತು ರೂಪಾಯಿಯಲ್ಲಿ ಉಳಿಸಬಹುದು. ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿರುವ ದೇಶ ನಮ್ಮದು. ಹೆಚ್ಚಿನವು ಹಳ್ಳಿಗಳಲ್ಲೇ ಇವೆ.

ಕೆಳಗಿನ ಮೆಟ್ಟಿಲು ಕಿತ್ತ ಇನ್ನೊಂದು ಕಡೆಯ ಮಾತು ಹೇಳುತ್ತೇನೆ. ಮೇಷ್ಟ್ರ ಬಾಯಲ್ಲಿ ಬಿಯರ್ ಮಾತು ಯಾಕೆ ಅಂತ ಬೇಸರ ಮಾಡಿಕೊಳ್ಳಬೇಡಿ. ಕುಡಿಯಿರಿ ಅಂತ ನಾನು ಹೇಳುತ್ತಿಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ಹತ್ತಿರದಿಂದ ನೋಡಿದ್ದೇನೆ. ನನ್ನ ವಿದ್ಯಾರ್ಥಿಗಳ ಮನೆಗಳೇ ಇವೆ. ಅದಕ್ಕೇ ಈ ಮಾತು ಆಡುತ್ತಿದ್ದೇನೆ.

ನಮ್ಮ ಓಣಿಯಲ್ಲಿ ಗಾರೆ ಕೆಲಸದವರೊಬ್ಬರು ಇದ್ದಾರೆ. ವಾರವೆಲ್ಲ ದುಡಿದು, ಶನಿವಾರ ಬಟವಾಡೆ ಆದ ಮೇಲೆ ಒಂದು ಬಾಟಲಿ ಬಿಯರ್ ಕುಡಿದು ಮಲಗುತ್ತಿದ್ದರು. ಗಲಾಟೆ ಇಲ್ಲ, ಜಗಳ ಇಲ್ಲ. ಈಚೆಗೆ ಅವರ ಹೆಂಡತಿ ನಮ್ಮ ಮನೆಯವಳ ಹತ್ತಿರ ಬಂದು ಕಣ್ಣೀರು ಹಾಕಿದರು. ನಾನು ಒಂದು ದಿನ ಆ ಗಾರೆ ಕೆಲಸದವರನ್ನು ಕೂರಿಸಿಕೊಂಡು ಕೇಳಿದೆ. ಅವರು ತಲೆ ತಗ್ಗಿಸಿ ಹೇಳಿದ್ದು ಇಷ್ಟೇ. ‘ಬಿಯರ್ ಭಾಳ ತುಟ್ಟಿ ಆಗೈತ್ರೀ ಮಾಸ್ತರ. ಅದ ರೊಕ್ಕದಾಗ ಎರಡು ನೈಂಟಿ ಬರ್ತಾವು.’

ನೈಂಟಿ ಅಂದರೆ 90 ಮಿಲಿಲೀಟರ್‌ನ ಮದ್ಯದ ಪ್ಯಾಕೆಟ್. ನಾನು ಕಾಗದ ತೆಗೆದು ಲೆಕ್ಕ ಹಾಕಿದೆ. 650 ಮಿಲಿಲೀಟರ್ ಬಾಟಲಿ, ಶೇ 5ರ ಸಾಧಾರಣ ಬಿಯರ್ ಆದರೆ ಅದರಲ್ಲಿ ಆಲ್ಕೊಹಾಲ್ ಇರುವುದು ಸುಮಾರು 32 ಮಿಲಿಲೀಟರ್. ವಿಸ್ಕಿ, ರಮ್‌ಗಳಲ್ಲಿ ಸಾಮಾನ್ಯವಾಗಿ ಶೇ 42.8. ಎರಡು ನೈಂಟಿ ಸೇರಿದರೆ 77 ಮಿಲಿಲೀಟರ್. ಅದೇ ದುಡ್ಡು, ಅದೇ ಶನಿವಾರ. ಹೊಟ್ಟೆಗೆ ಹೋದ ವಿಷ ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ.

ನಮ್ಮ ರಾಜ್ಯದಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ 175 ಇತ್ತು. 2023ರ ಜುಲೈ ಬಜೆಟ್‌ನಲ್ಲಿ 185 ಆಯಿತು. 2024ರ ಫೆಬ್ರವರಿ ಬಜೆಟ್‌ನಲ್ಲಿ 195. 2025ರ ಜನವರಿಯಲ್ಲಿ ಮತ್ತೆ ಬದಲಾಯಿತು. ಒಂದೂವರೆ ವರ್ಷದಲ್ಲಿ ಮೂರು ಸಲ. ಈ ಸುಂಕ ಕಂಪನಿಯ ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿ ಬೀಳುತ್ತಿತ್ತು. ಅಂದರೆ ಬಾರ್ಲಿ ಬೆಲೆ ಏರಿತು, ಬಾಟಲಿ ಬೆಲೆ ಏರಿತು ಅಂತ ಕಂಪನಿ ಒಂದು ರೂಪಾಯಿ ಏರಿಸಿದರೆ, ಅದರ ಬೆನ್ನಿಗೆ ಸುಂಕವೂ ಹತ್ತಿರ ಹತ್ತಿರ ಎರಡು ರೂಪಾಯಿ ಏರುತ್ತಿತ್ತು. ಕೊಳ್ಳುವವನಿಗೆ ಅದು ಮೂರು ರೂಪಾಯಿ.

2025ರ ಜನವರಿಯಲ್ಲಿ ಒಂದು ಒಳ್ಳೆಯ ಕೆಲಸವನ್ನೂ ಮಾಡಿದರು. ಕಡಿಮೆ ಕಿಕ್ ಇರುವ ಬಿಯರ್‌ಗೆ ಮೂಲ ಸುಂಕ ಕಡಿಮೆ, ಸ್ಟ್ರಾಂಗ್ ಬಿಯರ್‌ಗೆ ಜಾಸ್ತಿ ಅಂತ ಬೇರೆ ಬೇರೆ ಮಾಡಿದರು. ಇದು ಸರಿಯಾದ ದಾರಿ. ಆಲ್ಕೊಹಾಲ್ ಎಷ್ಟಿದೆಯೋ ಅಷ್ಟು ತೆರಿಗೆ. ಬಿಯರ್‌ನಿಂದ ವಿಸ್ಕಿಯವರೆಗೆ ಎಲ್ಲಕ್ಕೂ ಆಗಲೇ ಇದೇ ಅಳತೆ ಹಿಡಿದಿದ್ದರೆ ನಮ್ಮ ಓಣಿಯ ಆ ಮನೆ ಹಿಂದಿನ ಹಾಗೆ ಇರುತ್ತಿತ್ತೇನೋ ಅಂತ ನನಗೆ ಅನ್ನಿಸುತ್ತದೆ. ಆದರೆ 2024ರ ಆಗಸ್ಟ್‌ನಲ್ಲಿ ಇನ್ನೊಂದು ಆಗಿತ್ತು. ನೆರೆ ರಾಜ್ಯಗಳಿಗಿಂತ ನಮ್ಮಲ್ಲಿ ತುಟ್ಟಿ ಅಂತ ದುಬಾರಿ ಬ್ರ್ಯಾಂಡುಗಳ ಬೆಲೆ ಇಳಿಸಿದರು. ಮೇಲಿನ ಮೆಟ್ಟಿಲಿನವರಿಗೆ ಇಳಿಯಿತು, ಕೆಳಗಿನವರಿಗೆ ಏರಿತು.

ಸರ್ಕಾರಕ್ಕೆ ದುಡ್ಡು ಬೇಕು, ನಿಜ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ತಾವೇ ತೆರಿಗೆ ಏರಿಸಬಹುದಾದ ವಸ್ತುಗಳು ಬಹಳ ಕಡಿಮೆ. ಮದ್ಯ, ಪೆಟ್ರೋಲ್, ಡೀಸೆಲ್, ಆಸ್ತಿ ನೋಂದಣಿ, ವಾಹನ ತೆರಿಗೆ, ಹೀಗೆ ಕೆಲವೇ. 2025–26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡಿದ್ದರು. ಆ ದುಡ್ಡಲ್ಲಿ ಶಾಲೆ ನಡೆಯುತ್ತದೆ, ಆಸ್ಪತ್ರೆ ನಡೆಯುತ್ತದೆ. ನನ್ನ ಪಿಂಚಣಿಯಲ್ಲೂ ಅದರ ಪಾಲಿದೆ. ಆ ಗಾರೆ ಕೆಲಸದವರ ಶನಿವಾರದ ರೊಕ್ಕವೂ ಅದರಲ್ಲಿದೆ ಅನ್ನುವುದು ನೆನಪಾದಾಗ ಮನಸ್ಸು ಭಾರವಾಗುತ್ತದೆ.

ಬೆಲೆ ಏರಿದ ಇನ್ನೊಂದು ವಸ್ತು ಹಾಲು. ಅದರ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2024ರ ಜೂನ್‌ನಲ್ಲಿ ನಂದಿನಿಯ ಅರ್ಧ ಲೀಟರ್ ನೀಲಿ ಪ್ಯಾಕೆಟ್‌ಗೆ 50 ಮಿಲಿಲೀಟರ್ ಸೇರಿಸಿ, ಬೆಲೆ 24 ಮಾಡಿದರು. 2025ರ ಏಪ್ರಿಲ್‌ನಲ್ಲಿ ಆ 50 ಮಿಲಿಲೀಟರ್ ತೆಗೆದರು. ಬೆಲೆ 24 ಹಾಗೇ ಉಳಿಯಿತು. ಹೆಚ್ಚಿದ ದುಡ್ಡು ಹಾಲು ಹಾಕುವ ರೈತರಿಗೆ ಅಂದರು. ಅದಕ್ಕೆ ನನ್ನ ತಕರಾರಿಲ್ಲ. ಹಿಂಡಿ, ಬೂಸಾ ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ. ಆದರೆ ನಮ್ಮನೆಯವಳು ಹೇಳಿದ ಮಾತು ಮರೆಯಲಾರೆ. ‘ಸಂಜೆ ಚಹಾಕ್ಕೆ ಒಂದು ಲೋಟ ಸಾಕಾಗುವಷ್ಟು ಹಾಲು ಎಲ್ಲಿ ಹೋಯ್ತು ಅಂತ ಒಂದು ವಾರ ತಿಳೀಲೇ ಇಲ್ಲ ನೋಡ್ರಿ’ ಅಂದಳು. ಬೆಲೆ ಏರಿದ್ದು ನೋಟಿನಲ್ಲಿ ಕಾಣಲಿಲ್ಲ, ಪಾತ್ರೆಯಲ್ಲಿ ಕಂಡಿತು.

ಮತ್ತೆ ಅಂಚೆಗೇ ಬರುತ್ತೇನೆ, ನನ್ನ ಮನಸ್ಸು ಅಲ್ಲೇ ಇದೆ. ಡೆನ್ಮಾರ್ಕ್ ಅನ್ನುವ ದೇಶದಲ್ಲಿ 1624ರಿಂದ ಸರ್ಕಾರಿ ಅಂಚೆ ಇತ್ತು. ಕಾಗದ ಬರೆಯುವವರು ಕಡಿಮೆಯಾದರು, ಅದಕ್ಕೆ ದರ ಏರಿಸಿದರು. ದರ ಏರಿತು ಅಂತ ಬರೆಯುವವರು ಇನ್ನೂ ಕಡಿಮೆಯಾದರು. 2025ರ ಡಿಸೆಂಬರ್ ಕೊನೆಗೆ ಅಲ್ಲಿನ ಅಂಚೆ ಸಂಸ್ಥೆ ಕಾಗದ ಹಂಚುವುದನ್ನೇ ನಿಲ್ಲಿಸಿತು. ಬೀದಿಗಳಲ್ಲಿದ್ದ 1,500 ಕೆಂಪು ಡಬ್ಬಿಗಳನ್ನು ತೆಗೆದುಬಿಟ್ಟರು. ಅಲ್ಲಿ ಸರ್ಕಾರದ ಪತ್ರಗಳೆಲ್ಲ ಫೋನಿಗೇ ಬರುತ್ತವಂತೆ. ನಮ್ಮ ಅಜ್ಜಿಯ ಹತ್ತಿರ ಇರುವುದು ಬಟನ್ ಫೋನು. ಅದರಲ್ಲಿ ಮಗನ ಹೆಸರು ಹುಡುಕಲೂ ಅವರಿಗೆ ಬರುವುದಿಲ್ಲ.

ಅವತ್ತು ಆ ಕವರ್ ಕಳಿಸಿದೆ. ಉಳಿದ ಮೂವತ್ತೊಂದು ರೂಪಾಯಿ ನಾನೇ ಹಾಕಿದೆ. ಅಜ್ಜಿಗೆ ಹೇಳಲಿಲ್ಲ. ರಸೀದಿ ಕೈಗಿಟ್ಟಾಗ ಅವರು ಅದನ್ನು ಓದಲಿಲ್ಲ, ಓದಲು ಬರುವುದಿಲ್ಲ. ಮಡಚಿ, ದೇವರ ಪಟದ ಹಿಂದೆ ಇಟ್ಟರು. ಇಪ್ಪತ್ತು ದಿನದ ಮೇಲೆ ಉತ್ತರ ಬಂತು. ಪಹಣಿ ಇನ್ನೂ ಸರಿಯಾಗಿಲ್ಲ. ಈಗ ಮೇಲ್ಮನವಿ ಬರೆಯಬೇಕು. ಅದನ್ನೂ ರಿಜಿಸ್ಟರ್ ಮಾಡಿಸಬೇಕು.

ಕೇಳುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲೂ ಹೀಗೆ ಯಾವುದೋ ಒಂದು ಸಣ್ಣ ವಸ್ತು ಕೈಗೆಟುಕದೆ ಹೋಗಿರಬಹುದು. ಮೊದಲು ತರುತ್ತಿದ್ದದ್ದು, ಈಗ ಬಿಟ್ಟದ್ದು. ಅದು ಯಾವುದು, ಅದರ ಬದಲು ಈಗ ಏನು ಮಾಡುತ್ತಿದ್ದೀರಿ ಅಂತ ನಾಲ್ಕು ಸಾಲು ಬರೆದು ನಿಲಯಕ್ಕೆ ಕಳಿಸಿ. ಕಾರ್ಡಿನಲ್ಲೇ ಬರೆಯಿರಿ. ಅದು ಇನ್ನೂ 50 ಪೈಸೆಗೆ ಸಿಗುತ್ತದೆ. ಬಂದ ಕಾರ್ಡುಗಳನ್ನೆಲ್ಲ ನಾನು ಕೂತು ಓದುತ್ತೇನೆ.

ನಮಸ್ಕಾರ.