ಗೇರುಸೊಪ್ಪೆ ಘಟ್ಟ ಇಳಿದ ಚಿತ್ರಗಳು

ಕೇಳುಗರಿಗೆ ನಮಸ್ಕಾರ.

ಹದಿನಾಲ್ಕು ತೈಲವರ್ಣ ಚಿತ್ರಗಳನ್ನು ತುಮಕೂರಿನಿಂದ ಹೊನ್ನಾವರದ ಹತ್ತಿರದ ಒಂದು ಕಡಲೂರಿಗೆ ತಲುಪಿಸಿ ಮೊನ್ನೆಯಷ್ಟೇ ಮರಳಿದ್ದೇನೆ. ಅಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಗ್ಯಾಲರಿ ಮಾಡಿಕೊಂಡಿದ್ದಾರೆ. ಸುತ್ತ ಅಡಿಕೆ ತೋಟ, ಹಿತ್ತಿಲಿನಾಚೆ ಸಮುದ್ರದ ಸದ್ದು. ಕೊರಿಯರ್‌ನಲ್ಲಿ ಕಳುಹಿಸಬಾರದೇ ಎಂದು ಗೆಳೆಯರು ಕೇಳಿದರು. ಹಿಂದೊಮ್ಮೆ ಹಾಗೆ ಕಳುಹಿಸಿದ ಚಿತ್ರ ಮೂಲೆ ಮುರಿದು, ಕ್ಯಾನ್ವಾಸು ಹರಿದು ನನ್ನ ಮನೆಗೇ ವಾಪಸು ಬಂದಿತ್ತು. ಆ ಹರಿದ ಬಟ್ಟೆಯನ್ನು ಕೈಯಲ್ಲಿ ಹಿಡಿದ ದಿನವನ್ನು ನಾನು ಮರೆತಿಲ್ಲ. ಈ ಸಲ ನಾನೇ ಜೊತೆಗೆ ಹೋಗುತ್ತೇನೆ ಎಂದೆ.

ನಮ್ಮ ಕಡೆಯ ಕಲಾವಿದರಿಗೆ ಪ್ರದರ್ಶನವೆಂದರೆ ಬೆಂಗಳೂರು. ವೆಂಕಟಪ್ಪ ಚಿತ್ರಶಾಲೆ, ಚಿತ್ರಕಲಾ ಪರಿಷತ್ತು, 2003ರಿಂದ ಈಚೆಗೆ ಚಿತ್ರಸಂತೆ. ಕರಾವಳಿಯವರ ಕಥೆಯೂ ಬೇರೆಯಲ್ಲ. 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಬಣ್ಣದ ಬೆನ್ನು ಹತ್ತಿ ಮುಂಬೈ ಸೇರಿದರು. ಹಳ್ಳಿಯನ್ನು ಬರೆದ ಚಿತ್ರವೂ ಪಟ್ಟಣದ ಗೋಡೆಗೇ ಹೋಗಬೇಕು ಎಂದುಕೊಂಡಿದ್ದ ನನಗೆ, ನಮ್ಮ ಬಯಲುಸೀಮೆಯ ಚಿತ್ರ ಕಡಲ ತಡಿಯ ಇನ್ನೊಂದು ಹಳ್ಳಿಗೆ ಹೊರಟಿದೆ ಎನ್ನುವುದೇ ಹಬ್ಬವಾಗಿತ್ತು.

ಒಯ್ದದ್ದು ಏನನ್ನು? ಮಧುಗಿರಿಯ ಏಕಶಿಲಾ ಬೆಟ್ಟ, ಶಿರಾ ಸೀಮೆಯ ಬತ್ತಿದ ಕೆರೆಯಂಗಳದ ಜಾಲಿ ಮರಗಳು, ತಿಪಟೂರಿನ ಕೊಬ್ಬರಿ ಅಟ್ಟ, ಪಾವಗಡದ ಸೌರಫಲಕಗಳು. ಈ ಕೊನೆಯದು ನಾಲ್ಕು ಅಡಿ ಅಗಲದ್ದು, ಮುಗಿದು ಐದು ವಾರವಷ್ಟೇ ಆಗಿತ್ತು. ತೈಲವರ್ಣ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಒಣಗಿದಂತೆ ಕಂಡರೂ ದಪ್ಪ ಬಣ್ಣದ ಒಳಗೆ ತಿಂಗಳುಗಟ್ಟಲೆ ಹಸಿಯಿರುತ್ತದೆ. ಇಂಥ ಚಿತ್ರದ ಮುಖಕ್ಕೆ ಗುಳ್ಳೆಯ ಪ್ಲಾಸ್ಟಿಕ್ ಸುತ್ತಿದರೆ ಗುಳ್ಳೆಗಳ ಅಚ್ಚು ಬಣ್ಣದ ಮೇಲೆ ಕೂತುಬಿಡುತ್ತದೆ. ಅದಕ್ಕಾಗಿ ನಾಲ್ಕೂ ಮೂಲೆಗೆ ಮರದ ತುಂಡು ಕೊಟ್ಟು, ಬಣ್ಣಕ್ಕೆ ಏನೂ ತಾಗದಂತೆ ರಟ್ಟಿನ ಮುಚ್ಚಳ ಕಟ್ಟಿದೆ. ಹೊರಗಿನಿಂದ ಪ್ಲಾಸ್ಟಿಕ್ ಹಾಳೆ ಬಿಗಿಯುತ್ತಿದ್ದಾಗ ಗಾಡಿಯ ಚಾಲಕ ನನ್ನ ಕೈ ತಡೆದರು.

ಅವರು ಗುಬ್ಬಿ ಕಡೆಯವರು, ವರ್ಷವಿಡೀ ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಸಾಗಿಸುವವರು. ‘ಮೇಷ್ಟ್ರೇ, ಹೀಗೆ ಬಿಗಿದರೆ ಒಳಗೇ ಬೆವರುತ್ತದೆ. ಕೊಬ್ಬರಿಗೆ ಬೂಷ್ಟು ಹಿಡಿಯುವುದು ಹೀಗೆಯೇ’ ಎಂದರು. ನಮ್ಮಲ್ಲಿ ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಗಾಳಿಯಾಡಿಕೊಂಡಿದ್ದು ಉಂಡೆ ಕೊಬ್ಬರಿಯಾಗುತ್ತದೆ. ನನ್ನ ಚಿತ್ರವೂ ಪೂರ್ತಿ ಒಣಗಿ ವಾರ್ನಿಷ್‌ಗೆ ಸಿದ್ಧವಾಗಲು ಹೆಚ್ಚು ಕಡಿಮೆ ಅಷ್ಟೇ ಕಾಲ ಬೇಕು. ಅವರ ಕಸುಬೂ ನನ್ನ ಕಸುಬೂ ಇಷ್ಟು ಹತ್ತಿರದವು ಎಂದು ನಾನು ಎಣಿಸಿರಲಿಲ್ಲ. ಪ್ಲಾಸ್ಟಿಕ್ ಬಿಚ್ಚಿ ಹತ್ತಿಯ ಹಳೆಯ ಜಮಖಾನೆ ಸುತ್ತಿದೆವು. ಮಳೆ ಬಂದರೆ ಇರಲಿ ಎಂದು ಗಾಡಿಯ ಮೇಲೆ ಮಾತ್ರ ಟಾರ್ಪಾಲು. ಚಿತ್ರಗಳನ್ನು ಒಂದರ ಮೇಲೊಂದು ಮಲಗಿಸದೆ ಪುಸ್ತಕಗಳಂತೆ ನಿಲ್ಲಿಸಿ ಹಗ್ಗ ಕಟ್ಟಿದೆವು.

ಹೊನ್ನಾವರಕ್ಕೆ ಹೋಗುವ ಹಳೆಯ 206ನೇ ಹೆದ್ದಾರಿ ನಮ್ಮ ತುಮಕೂರಿನಿಂದಲೇ ಹೊರಡುತ್ತಿತ್ತು. ನಾವು ಹಿಡಿದದ್ದೂ ಅದೇ ದಾರಿ. ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ. ತಾಳಗುಪ್ಪ ದಾಟಿ ಗೇರುಸೊಪ್ಪೆ ಘಟ್ಟ ಇಳಿಯುವಾಗ ಪ್ರತಿ ತಿರುವಿಗೂ ನಾನು ಹಿಂದಕ್ಕೆ ತಿರುಗಿ ನೋಡುತ್ತಿದ್ದೆ. ಕೆಳಗೆ ಬಂದಂತೆ ಗಾಳಿ ಬೆಚ್ಚಗಾಗಿ ಮೈಗೆ ಅಂಟಿತು.

ಗ್ಯಾಲರಿ ಮುಟ್ಟಿದಾಗ ಕತ್ತಲಾಗಿತ್ತು. ಬೆಲ್ಲ ನೀರು ಕೊಟ್ಟು, ‘ಆಸರಿಗೆ ಏನು ಮಾಡಲಿ?’ ಎಂದು ವಿಚಾರಿಸಿದ ಮನೆಯವರಿಗೆ ಚಿತ್ರ ನೋಡುವ ಆತುರ. ನಾನು ಬಿಚ್ಚಲಿಲ್ಲ. ಘಟ್ಟದ ಮೇಲಿನ ಚಳಿಯಲ್ಲಿ ತಣ್ಣಗಾದ ಚಿತ್ರಕ್ಕೆ ಕಡಲ ಹಸಿಗಾಳಿ ಒಮ್ಮೆಲೇ ತಾಗಿದರೆ ಇಬ್ಬನಿಯಂತೆ ನೀರು ಕೂರುತ್ತದೆ. ರಾತ್ರಿಯಿಡೀ ಹೊದಿಕೆಯಲ್ಲೇ ಇದ್ದು ಅಲ್ಲಿನ ಹವೆಗೆ ಒಗ್ಗಲಿ ಎಂದೆ. ಬೆಳಿಗ್ಗೆ ನೋಡಿದರೆ ಎರಡು ಕ್ಯಾನ್ವಾಸುಗಳು ಸಡಿಲಾಗಿದ್ದವು. ಹಿಂದಿನ ಚೌಕಟ್ಟಿನ ಮೂಲೆಗಳ ಬೆಣೆಗಳನ್ನು ಮೆಲ್ಲಗೆ ತಟ್ಟಿ ಬಿಗಿ ಮಾಡಿದೆ. ಚಿರೆಕಲ್ಲಿನ ಗೋಡೆ ಮಳೆಗಾಲದ ತೇವವನ್ನು ಇನ್ನೂ ಬಿಟ್ಟಿರಲಿಲ್ಲ. ಚಿತ್ರದ ಬೆನ್ನು ಗೋಡೆಗೆ ಅಂಟದಂತೆ ಹಿಂದೆ ಬಿರಡೆಯ ಚೂರುಗಳನ್ನಿಟ್ಟು ತೂಗುಹಾಕಿದೆವು.

ಅಷ್ಟರಲ್ಲಿ ನೆರೆಮನೆಯ ಅಮ್ಮ ಒಬ್ಬರು ಜಗಲಿ ಹತ್ತಿ ಬಂದರು. ಎಪ್ಪತ್ತು ದಾಟಿದವರು. ಬೆಟ್ಟ, ಜಾಲಿ ಎಲ್ಲವನ್ನೂ ದಾಟಿ ಪಾವಗಡದ ಚಿತ್ರದ ಮುಂದೆ ನಿಂತು, ‘ಇದು ಯಾವ ಹೊಳೆ, ತಮ್ಮಾ?’ ಎಂದು ಕೇಳಿದರು.

ಹೊಳೆಯಲ್ಲ ಅಮ್ಮಾ, ಬಿಸಿಲಿನಿಂದ ಕರೆಂಟು ತೆಗೆಯುವ ಫಲಕಗಳು, ಸುಮಾರು 13,000 ಎಕರೆಯಲ್ಲಿ ಹರಡಿವೆ ಎಂದೆ. ‘ಅದರ ಅಡಿಗೆ ಏನಿತ್ತು?’ ಎಂದರು. ಬಹಳ ಕಡೆ ಶೇಂಗಾ ಹೊಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ತವರು ಲಿಂಗನಮಕ್ಕಿಯ ಹಿನ್ನೀರಿನಲ್ಲಿದೆ. 1964ರಲ್ಲಿ ಅಣೆಕಟ್ಟು ಎದ್ದಾಗ ಅವರಿನ್ನೂ ಸಣ್ಣ ಹುಡುಗಿ. ‘ನಮ್ಮದೂ ಕರೆಂಟಿಗೇ ಹೋಗಿದ್ದು. ನೀರು ಇಳಿದ ಒಂದು ಬೇಸಿಗೆಯಲ್ಲಿ ಅಣ್ಣ ಕರೆದುಕೊಂಡು ಹೋಗಿ ಬಾವಿಕಟ್ಟೆ ತೋರಿಸಿದ್ದ’ ಎಂದರು.

ಪಾವಗಡದವರು ಹೊಲ ಮಾರಿಲ್ಲ, 28 ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದಾರೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು ಎಂದು ವಿವರಿಸಿದೆ. ‘ಹಾಗಾದರೆ ವಾಪಸು ಬರುತ್ತದೆ’ ಎಂದು ಅವರು ಚಿತ್ರಕ್ಕೆ ಇನ್ನಷ್ಟು ಹತ್ತಿರ ಹೋದರು. ಫಲಕಗಳ ಅಂಚಿನಲ್ಲಿ ನಾನು ಒಂದು ಹುಣಸೆಮರ ಬರೆದಿದ್ದೆ, ಖಾಲಿ ಜಾಗ ತುಂಬಲೆಂದು. ಅವರು ಬೆರಳು ತೋರಿಸಿದ್ದು ಆ ಮರಕ್ಕೆ. ‘ಇದನ್ನು ಉಳಿಸಿದ್ದಾರಲ್ಲ’ ಎಂದರು.

ಪ್ರದರ್ಶನ ಮುಗಿಯುವವರೆಗೂ ಆ ಚಿತ್ರದ ಮುಂದೆ ಒಂದು ಕುರ್ಚಿ ಇರಲಿ ಎಂದು ಗ್ಯಾಲರಿಯವರಿಗೆ ಹೇಳಿ ಬಂದಿದ್ದೇನೆ. ನಮಸ್ಕಾರ.