ತರಗತಿ ಮುಗಿದ ಮೇಲಿನ ಹೊತ್ತು

ಕೇಳುಗರೆಲ್ಲರಿಗೂ ನಮಸ್ಕಾರ.

ರಾಯಚೂರಿನ ನಮ್ಮ ಅಣ್ಣನ ಮಗಳು ಈಗ ಏಳನೇ ತರಗತಿ. ಉಸಿರಾಟದ ತೊಂದರೆ ಇರುವುದರಿಂದ ಎರಡು ವರ್ಷಗಳಿಂದ ಮನೆಯಲ್ಲೇ ಕೂತು ಆನ್‌ಲೈನ್ ಶಾಲೆಯಲ್ಲಿ ಓದುತ್ತಾಳೆ. ಒಂದು ದಿನ ಅವಳ ಪಕ್ಕದಲ್ಲಿ ಕೂತಿದ್ದೆ. ಪಾಠ ಮುಗಿಯಿತು. ಪರದೆಯ ಮೇಲಿದ್ದ ಚಿಕ್ಕ ಚಿಕ್ಕ ಚೌಕಗಳು ಒಂದೊಂದಾಗಿ ಆರಿಹೋದವು. "ಇವರೆಲ್ಲಾ ನಿನ್ನ ಗೆಳತ್ಯಾರೇನವ್ವಾ?" ಅಂದೆ. "ಇಲ್ಲ ಅತ್ತಿ, ಹೆಸರಷ್ಟ ಗೊತ್ತು" ಅಂದಳು.

ಆ ಮಾತು ಬಹಳ ದಿನ ನನ್ನನ್ನು ಕಾಡಿತು. ನಮಗೆ ಗೆಳತಿಯರು ಸಿಕ್ಕಿದ್ದು ಪಾಠ ನಡೆಯುವಾಗಲ್ಲ. ಬುತ್ತಿ ಬಿಚ್ಚಿ ಒಬ್ಬರ ರೊಟ್ಟಿಗೆ ಇನ್ನೊಬ್ಬರ ಶೇಂಗಾ ಚಟ್ನಿ ಹಚ್ಚಿಕೊಂಡಾಗ, ಮನೆಗೆ ನಡೆಯುವ ದಾರಿಯಲ್ಲಿ ಚಪ್ಪಲಿ ಹರಿದು ಎಲ್ಲರೂ ನಿಂತು ಕಾದಾಗ. ಆನ್‌ಲೈನ್ ಶಾಲೆಯಲ್ಲಿ ಪಾಠಕ್ಕೆ ಕೊರತೆಯಿಲ್ಲ, ಬಿಡುವಿಲ್ಲ. ಆ ಬಿಡುವನ್ನು ಮನೆಯವರಾದ ನಾವೇ ಒದಗಿಸಬೇಕು.

ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಹೊಸಬರಿಬ್ಬರ ನಡುವೆ ಸಾಧಾರಣ ಸ್ನೇಹ ಬೆಳೆಯಲು ಸುಮಾರು 50 ತಾಸು ಬೇಕು, ಆಪ್ತರಾಗಲು 200ಕ್ಕೂ ಹೆಚ್ಚು. ಕೂಡಿ ಕೆಲಸ ಮಾಡಿದ ತಾಸುಗಳಿಗಿಂತ ಸುಮ್ಮನೆ ಜೊತೆಗಿದ್ದ ತಾಸುಗಳೇ ಹೆಚ್ಚು ಲೆಕ್ಕಕ್ಕೆ ಬಂದವು. ಅದು ಊರು ಬದಲಿಸಿದ ದೊಡ್ಡವರನ್ನೂ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ಕೇಳಿ ಮಾಡಿದ್ದು, ಮಕ್ಕಳ ಲೆಕ್ಕ ಬೇರೆ ಇದ್ದೀತು. ಆದರೂ ವಾರಕ್ಕೆ ಎರಡು ತಾಸೆಂದರೆ 50 ತಾಸಿಗೆ ಆರು ತಿಂಗಳು ಹಿಡಿಯುತ್ತದೆ. ಹಾಗಾಗಿ ಒಂದು ಹುಟ್ಟುಹಬ್ಬಕ್ಕೆ ಕರೆದು, ಒಂದು ಶಿಬಿರಕ್ಕೆ ಕಳಿಸಿ, "ಯಾರೂ ಗೆಳೆಯರಾಗಲಿಲ್ಲ" ಎಂದು ಮಗುವನ್ನು ದೂರಬೇಡಿ. ಅದೇ ಜಾಗ, ಅದೇ ಹೊತ್ತು, ಅದೇ ಮುಖಗಳು ಮತ್ತೆ ಮತ್ತೆ ಸಿಗಲಿ.

ನಾವು ಮಾಡಿದ್ದು ಇಷ್ಟೇ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತು, ಧೂಳಂತೂ ಅವಳಿಗೆ ಆಗುವುದಿಲ್ಲ. ಅದಕ್ಕೆ ಭಾನುವಾರ ಸಂಜೆ ಐದೂವರೆಗೆ ಮನೆ ಮುಂದಿನ ಕಟ್ಟೆಯ ಮೇಲೆ ಚೌಕಾಬಾರ ಶುರು ಮಾಡಿದೆವು. ಬಳಪದಲ್ಲಿ ಇಪ್ಪತ್ತೈದು ಮನೆ ಬರೆದು, ಹುಣಸೆಬೀಜಗಳನ್ನು ಒಂದು ಮಗ್ಗುಲು ಬೆಳ್ಳಗಾಗುವವರೆಗೆ ಕಲ್ಲಿಗೆ ತಿಕ್ಕಬೇಕು. ಬೀಜ ತಿಕ್ಕುವ ಕೆಲಸಕ್ಕೆ ಓಣಿಯ ಮೂವರು ತಾವಾಗಿಯೇ ಬಂದು ಕೂತರು. ಕೈಗೆ ಕೆಲಸವಿದ್ದರೆ ನಾಚಿಕೆಯ ಮಗುವಿಗೆ ಮಾತು ಸಲೀಸು. ಕಣ್ಣಲ್ಲಿ ಕಣ್ಣಿಟ್ಟು "ಮಾತಾಡು, ಮಾತಾಡು" ಎಂದು ಒತ್ತಾಯಿಸಿದರೆ ಇದ್ದ ಮಾತೂ ಅಡಗುತ್ತದೆ. ಮೊದಮೊದಲು ಆ ತಪ್ಪನ್ನು ನಾನೂ ಮಾಡಿದೆ.

ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅರಿವು ಕೇಂದ್ರಗಳೆನ್ನುತ್ತೇವೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು. ವಾರದಲ್ಲಿ ಒಂದು ದಿನ ಗೊತ್ತುಮಾಡಿ ಕಳಿಸಿ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಓದುವವರಿಗೆ ಅಧ್ಯಯನ ಕೇಂದ್ರಗಳಲ್ಲಿ ಸಂಪರ್ಕ ತರಗತಿಗಳಿರುತ್ತವೆ. ಹೇಗೂ ಮನೆಯಲ್ಲೇ ಓದಬಹುದಲ್ಲ ಎಂದು ಅವನ್ನು ತಪ್ಪಿಸಬೇಡಿ, ಅಲ್ಲಿ ತನ್ನಂಥದೇ ಓದಿನ ಮಕ್ಕಳು ಸಿಗುತ್ತಾರೆ.

ಪರದೆಯ ಗೆಳೆತನವೂ ಸುಳ್ಳಲ್ಲ. ತರಗತಿಗೆ ಹತ್ತು ನಿಮಿಷ ಮುಂಚೆಯೇ ಬಾಗಿಲು ತೆರೆದಿಡಿ ಎಂದು ಶಿಕ್ಷಕರನ್ನು ಕೇಳಿ. ಇಪ್ಪತ್ತು ಮಂದಿಯ ಗುಂಪಿಗಿಂತ ಇಬ್ಬರಿಗೆ ಕೂಡಿಸಿಕೊಟ್ಟ ಪ್ರಾಜೆಕ್ಟ್ ವಾಸಿ. ಆದರೆ ಮನೆ ವಿಳಾಸ, ಫೋಟೊ, ಫೋನ್ ನಂಬರು ಅಪರಿಚಿತರಿಗೆ ಹೋಗಬಾರದು; ಮೊದಲ ಭೇಟಿಗೆ ದೊಡ್ಡವರು ಜೊತೆಗಿರಲಿ. ಏನಾದರೂ ಅಂಜಿಕೆಯಾದರೆ ಮಕ್ಕಳ ಸಹಾಯವಾಣಿ 1098 ಇದೆ. ಮಗುವಿಗೆ ಆ ಸಂಖ್ಯೆ ಬಾಯಿಪಾಠವಾಗಲಿ.

ಹೋದ ಭಾನುವಾರ ಮಳೆ ಬಂತು, ಕಟ್ಟೆಗೆ ಯಾರೂ ಬರಲಿಲ್ಲ. ಆರು ಗಂಟೆಗೆ ಎದುರುಮನೆ ಹುಡುಗಿ ಕಿಟಕಿಯಿಂದಲೇ ಕೂಗಿದಳು: "ಮನಿ ಎಲ್ಲಾ ಅಳಿಸಿ ಹೋಗ್ಯಾವ. ನಾಳೆ ಬಳಪ ತಗೊಂಡ್ ಬಾ!" ನಮ್ಮ ಹುಡುಗಿ ಆಗಲೇ ಡಬ್ಬಿಯಲ್ಲಿ ಬಳಪ ಹುಡುಕುತ್ತಿದ್ದಳು.