ಕೂರೋಕೆ ಒಂದು ಬೆಂಚು: ಮಡಿಕೇರಿಯ ಸಣ್ಣ ಹೋಟೆಲುಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಆಮಂತ್ರಣದಲ್ಲಿ ನನ್ನ ವಿಷಯ ‘ಕೊಡಗಿನ ಆಹಾರ ಪರಂಪರೆ’ ಅಂತ ಅಚ್ಚಾಗಿದೆ. ಪಂದಿಕರಿ, ಕಡಂಬುಟ್ಟು, ಕಾಚಂಪುಳಿ ಬಗ್ಗೆ ಕೇಳೋಣ ಅಂತ ಬಂದವರು ದಯವಿಟ್ಟು ಬೇಜಾರು ಮಾಡ್ಕೋಬೇಡಿ. ಈ ಸಭೆಗೆ ಪಂದಿಕರಿ ಪಾಠ ಹೇಳುವ ಧೈರ್ಯ ನನಗಿಲ್ಲ. ಮುಂದಿನ ಸಾಲಿನಲ್ಲಿ ಕೂತಿರುವ ಅಮ್ಮಂದಿರು ನನ್ನನ್ನು ಸುಮ್ನೆ ಬಿಡೋದೂ ಇಲ್ಲ.

ನಾನು ಮಾತಾಡಬೇಕು ಅಂತ ಬಂದಿರೋದು ಹೋಟೆಲಿನ ಬಗ್ಗೆ. ರೆಸಾರ್ಟು, ಹೋಂಸ್ಟೇ ಬಿಡಿ. ಬಸ್ ಸ್ಟ್ಯಾಂಡ್ ಪಕ್ಕ, ಮಾರ್ಕೆಟ್ ಬಾಯಲ್ಲಿ, ಬೋರ್ಡಿನ ಬಣ್ಣ ಮಳೆಗೆ ತೊಳೆದುಹೋಗಿರುವ ಹೋಟೆಲುಗಳು. ಮೊನ್ನೆ ಅಂಥದ್ದೊಂದು ಬಾಗಿಲು ಹಾಕಿತು. ಯಾವುದು ಅಂತ ನಿಮಗೆಲ್ಲ ಗೊತ್ತು. ಆ ಜಾಗಕ್ಕೆ ಈಗ ಹೋಂಮೇಡ್ ಚಾಕೊಲೇಟ್ ಅಂಗಡಿ ಬಂದಿದೆ. ಚಾಕೊಲೇಟಿನ ಮೇಲೆ ನನಗೇನೂ ಸಿಟ್ಟಿಲ್ಲ, ಮೊಮ್ಮಗಳಿಗೆ ನಾನೇ ಕೊಡಿಸಿದ್ದೀನಿ. ಆದರೆ ಆ ಅಂಗಡಿಯಲ್ಲಿ ಒಂದು ಕುರ್ಚಿ ಇಲ್ಲ. ನನ್ನ ತಕರಾರು ಇಷ್ಟೇ.

ಬಯಲುಸೀಮೆಯ ಊರುಗಳನ್ನು ನೋಡಿ. ಮನೆಗೆ ಮನೆ ಅಂಟಿಕೊಂಡಿರುತ್ತೆ. ನಡುವೆ ಒಂದು ಅರಳಿಕಟ್ಟೆ. ಸಂಜೆ ಆದರೆ ಊರೆಲ್ಲ ಅಲ್ಲೇ. ನಮ್ಮಲ್ಲಿ ಹಾಗಿಲ್ಲ ಅಲ್ವಾ? ಒಂದು ಮನೆ ಗುಡ್ಡದ ಈ ಕಡೆ, ಇನ್ನೊಂದು ಗದ್ದೆ ದಾಟಿ ಆ ಕಡೆ. ನಡುವೆ ಕಾಫಿ ತೋಟ, ಸಾಲದ್ದಕ್ಕೆ ಆನೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡೋದಿಲ್ಲ. ಐನ್‌ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ಜಗಲಿ ಇದೆ, ನಿಜ. ಅದು ಆ ಒಕ್ಕದವರ, ಆ ಮನೆತನದವರ ಜಗಲಿ. ಹಾಗಾದರೆ ಎಲ್ಲರೂ ಎದುರುಬದುರು ಕೂರೋದು ಎಲ್ಲಿ? ಶುಕ್ರವಾರದ ಸಂತೆಗೆ ಬಂದಾಗ, ಕೋರ್ಟಿನ ವಾಯಿದೆಗೆ ಬಂದಾಗ, ಬಸ್ ತಪ್ಪಿದಾಗ, ಹೋಟೆಲಿನಲ್ಲಿ. ನಮ್ಮ ಜಿಲ್ಲೆಗೆ ಹೋಟೆಲೇ ಅರಳಿಕಟ್ಟೆ. ಈ ಮಾತನ್ನು ಇವತ್ತು ಇನ್ನೂ ಒಂದೆರಡು ಸಲ ಹೇಳ್ತೀನಿ, ಸಹಿಸಿಕೊಳ್ಳಿ.

ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಅಂಥ ಹೋಟೆಲಿನೊಳಗೆ ಹೋಗೋದು ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಹೇಳ್ತೀನಿ, ಆಸೆ. ಬಾಗಿಲಲ್ಲಿ ಕೆಸರು ಒರೆಸೋಕೆ ಗೋಣಿಚೀಲ. ಪಕ್ಕದಲ್ಲಿ ಹಳೇ ಪೇಂಟ್ ಡಬ್ಬಿ, ಅದರ ತುಂಬ ಕೊಡೆ. ಒಳಗೆ ಕಾಲಿಟ್ಟ ಕೂಡಲೇ ಕನ್ನಡಕದ ಮೇಲೆ ಹಬೆ ಕೂತು ಏನೂ ಕಾಣೋದಿಲ್ಲ. ಒದ್ದೆ ಸ್ವೆಟರಿನ ವಾಸನೆ, ಸಾಂಬಾರಿನ ವಾಸನೆ, ಎರಡೂ ಸೇರಿಕೊಂಡಿರುತ್ತೆ. ಬೆಂಚಿನಲ್ಲಿ ಜಾಗ ಇರೋದಿಲ್ಲ. ‘ಸ್ವಲ್ಪ ಸರೀರಿ’ ಅಂದರೆ ಸರೀತಾರೆ, ಯಾರು ಏನು ಅಂತ ಕೇಳೋದಿಲ್ಲ. ಏನಿದೆ ಅಂದರೆ ಸಪ್ಲೈಯರ್ ನಮ್ಮ ಮುಖ ನೋಡದೆ ಒಂದೇ ಉಸಿರಿಗೆ ಹೇಳ್ತಾನೆ: ಇಡ್ಲಿ, ವಡೆ, ಪೂರಿ, ಬನ್ಸ್, ಗೋಳಿಬಜೆ, ಪರೋಟ.

ಆ ಪಟ್ಟಿ ಗಮನಿಸಿ. ಬನ್ಸು, ಗೋಳಿಬಜೆ ಮಂಗಳೂರು ಕಡೆಯಿಂದ ಸಂಪಾಜೆ ಘಾಟಿ ಹತ್ತಿ ಬಂದವು. ಪರೋಟ ಮಾಕುಟ್ಟದ ದಾರಿಯಲ್ಲಿ ಮಲಬಾರಿನಿಂದ ಬಂತು. ಕೊಡಗಿನ ತಿಂಡಿ ಅದರಲ್ಲಿ ಒಂದೂ ಇಲ್ಲ. ನಮ್ಮ ಅಕ್ಕಿ ಶಾವಿಗೆ, ನೂಪುಟ್ಟು, ಬೇಕಾದರೆ ಮನೆಗೆ ಹೋಗಬೇಕು. ಕಾಫಿ ಕತೆಯಂತೂ ಕೇಳಲೇಬೇಡಿ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ನಮ್ಮದು. ಒಳ್ಳೆ ಬೀಜ ಹಡಗು ಹತ್ತಿ ಹೋಗುತ್ತೆ. ಮನೆಯಲ್ಲಿ ಬೆಲ್ಲದ ಕಾಫಿ, ಹೋಟೆಲಿನಲ್ಲಿ ಚಿಕೋರಿ ಬೆರೆಸಿದ್ದು. ನಾನಂತೂ ಹೋಟೆಲಿನಲ್ಲಿ ಟೀ ಕುಡಿಯೋನು. ಬೆಳೆಗಾರರು ಈ ಮಾತನ್ನು ಇಲ್ಲೇ ಮರೆತುಬಿಡಿ.

ಕೊಡೆಯ ಕತೆ ಹೇಳದೆ ಮುಂದೆ ಹೋಗೋಕಾಗಲ್ಲ. ಮೊದಲೇ ಕೇಳಿದವರು ಇನ್ನೊಂದು ಸಲ ಕೇಳಿ. ನಮ್ಮ ಚಿಕ್ಕಪ್ಪ ನಾಪೋಕ್ಲು ಕಡೆಯವರು. ಒಂದು ಶುಕ್ರವಾರ ಸಂತೆ ಮುಗಿಸಿ ಟೀ ಕುಡಿದು ಎದ್ದರೆ ಡಬ್ಬಿಯಲ್ಲಿ ಅವರ ಕೊಡೆ ಇಲ್ಲ. ಅಂಥದ್ದೇ ಕಪ್ಪು ಕೊಡೆ ಒಂದಿದೆ, ಆದರೆ ಕಡ್ಡಿ ಮುರಿದಿದೆ. ಚಿಕ್ಕಪ್ಪ ಹೋಟೆಲ್ ಎದ್ದುಹೋಗುವ ಹಾಗೆ ಕೂಗಾಡಿದರು. ಗಲ್ಲಾದಲ್ಲಿದ್ದ ಯಜಮಾನರು ಚಿಲ್ಲರೆ ಎಣಿಸ್ತಾನೇ ಹೇಳಿದರು: ‘ಸದ್ಯಕ್ಕೆ ಅದನ್ನೇ ತಗೊಂಡು ಹೋಗಿ. ಬರೋ ಶುಕ್ರವಾರ ನೋಡೋಣ.’

ಮುಂದಿನ ಶುಕ್ರವಾರ ಯಜಮಾನರೇ ಎದ್ದು ನಿಂತು ಕೊಡೆ ಎತ್ತಿ ಹಿಡಿದು ಕೇಳಿದರು, ಯಾರದ್ದು ಇದು ಅಂತ. ಭಾಗಮಂಡಲ ಕಡೆಯವರೊಬ್ಬರು ‘ನಂದು’ ಅಂದರು. ಆದರೆ ಅವರ ಕೈಯಲ್ಲಿದ್ದದ್ದು ಚಿಕ್ಕಪ್ಪನ ಕೊಡೆ ಅಲ್ಲ, ಒಬ್ಬ ಮೇಷ್ಟ್ರದ್ದು. ಮೇಷ್ಟ್ರ ಹತ್ತಿರ ಇದ್ದದ್ದು ಸೋಮವಾರಪೇಟೆ ಬಸ್ಸಿನ ಕಂಡಕ್ಟರದ್ದು. ಕಂಡಕ್ಟರು ಚಿಕ್ಕಪ್ಪನ ಕೊಡೆ ಹಿಡಿದು ಜಿಲ್ಲೆ ಸುತ್ತುತ್ತಿದ್ದರು. ಎಲ್ಲ ಸರಿಹೋಗುವ ಹೊತ್ತಿಗೆ ಮಳೆಗಾಲವೇ ಮುಗಿಯೋಕೆ ಬಂದಿತ್ತು. ಅಷ್ಟರಲ್ಲಿ ಚಿಕ್ಕಪ್ಪ ಕೈಯಿಂದ ದುಡ್ಡು ಹಾಕಿ ಆ ಮುರಿದ ಕಡ್ಡಿ ರಿಪೇರಿ ಮಾಡಿಸಿದ್ದರು. ಭಾಗಮಂಡಲದವರು ಥ್ಯಾಂಕ್ಸ್ ಹೇಳೋದು ಬಿಟ್ಟು ಜಗಳಕ್ಕೇ ಬಂದರು: ‘ಮುರಿದ ಕಡ್ಡಿ ನೋಡಿಯೇ ನಾನು ನನ್ನ ಕೊಡೆ ಗುರುತು ಹಿಡೀತಿದ್ದೆ. ಈಗ ಏನು ಮಾಡಲಿ?’ ಜಗಳ ಎರಡು ಟೀಯಲ್ಲಿ ಮುಗಿಯಿತು. ಆ ಟೀ ದುಡ್ಡೂ ಚಿಕ್ಕಪ್ಪನೇ ಕೊಟ್ಟರು.

ಚಾಕೊಲೇಟ್ ಅಂಗಡಿಯಲ್ಲಿ ಕೊಡೆ ಬದಲಾದರೆ ಸಿಸಿಟಿವಿ ನೋಡ್ತಾರೆ. ನೋಡಲಿ.

ಕೂರೋದು ಅಷ್ಟು ದೊಡ್ಡ ವಿಷಯವಾ ಅಂತ ಕೇಳಬಹುದು. ನಮ್ಮ ಸಂವಿಧಾನ ತೆಗೆದು ನೋಡಿ, 15ನೇ ವಿಧಿ. ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು ಅಂತ ನೋಡಿ ಯಾರನ್ನೂ ಅಂಗಡಿ, ಹೋಟೆಲಿನ ಹೊರಗೆ ನಿಲ್ಲಿಸಬಾರದು ಅಂತ ಅದರಲ್ಲಿ ಬಿಡಿಸಿ ಬರೆದಿದ್ದಾರೆ. ಸಂವಿಧಾನದಲ್ಲಿ ಹೋಟೆಲಿನ ಮಾತು ಬಂದಿದೆ, ಯೋಚನೆ ಮಾಡಿ. 1955ರಲ್ಲಿ ಅಸ್ಪೃಶ್ಯತೆ ವಿರುದ್ಧ ಕಾನೂನು ಬಂದಾಗ ಅದರಲ್ಲೂ ಹೋಟೆಲಿನ ಪ್ರಸ್ತಾಪ ಇದೆ. ಯಾಕೆ? ಹೊರಗೆ ನಿಂತು ಬೇರೆ ಲೋಟದಲ್ಲಿ ಕುಡಿಯಬೇಕಾಗಿದ್ದವರು ಇದ್ದರು. ಇವತ್ತು ‘ಸ್ವಲ್ಪ ಸರೀರಿ’ ಅನ್ನೋದು ನಮಗೆ ಸಲೀಸು. ಆ ಬೆಂಚಿಗಾಗಿ ಜನ ಹೋರಾಡಿದ್ದಾರೆ.

ಬೆಂಗಳೂರಿನ ಮಾತು ಸ್ವಲ್ಪ. ಕಾಫಿ ಹೌಸ್ ನಿಮಗೆ ಗೊತ್ತು. 1930ರ ದಶಕದಲ್ಲಿ, ನಮ್ಮಂಥವರ ತೋಟದ ಬೀಜಕ್ಕೆ ದೇಶದೊಳಗೇ ಗಿರಾಕಿ ಸಿಗಲಿ ಅಂತ ಶುರುವಾದ ಜಾಗ. ಕಾಫಿ ಮಂಡಳಿ ಅದನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ ಹುಟ್ಟಿದ್ದು 1957ರಲ್ಲಿ ಬೆಂಗಳೂರಿನಲ್ಲೇ. 2009ರಲ್ಲಿ ಎಂ.ಜಿ. ರಸ್ತೆಯ ಜಾಗ ಬಿಡಬೇಕಾಯಿತು, ಚರ್ಚ್ ಸ್ಟ್ರೀಟಿಗೆ ಹೋದರು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು, ದೋಸೆಗೆ ಈಗಲೂ ಹೊರಗೆ ಕಾಯ್ತಾರೆ. ಇನ್ನು 80ರ ದಶಕದಿಂದ ಹಬ್ಬಿದ ದರ್ಶಿನಿಗಳು. ಬೇಗ ಆಗುತ್ತೆ, ಅಗ್ಗ, ಶುಚಿ. ನನಗೂ ಇಷ್ಟ. ಆದರೆ ನಿಂತುಕೊಂಡು ತಿನ್ನೋದು ಆಫೀಸಿಗೆ ಓಡುವವರಿಗೆ ಸರಿ. ಸಂತೆ ಚೀಲ, ಒದ್ದೆ ಕೊಡೆ ಹಿಡಿದು ಮುಂದಿನ ಬಸ್ಸಿಗೆ ಕಾಯುವವರಿಗೆ ಬೆಂಚೇ ಬೇಕು. ಅರಳಿಕಟ್ಟೆಯಲ್ಲಿ ಯಾರಾದರೂ ನಿಂತೇ ಇರ್ತಾರಾ?

ಅಧ್ಯಕ್ಷರು ಗಡಿಯಾರ ನೋಡ್ತಿದ್ದಾರೆ. ಚೀಟಿಯಲ್ಲಿ ಇನ್ನೂ ತುಂಬ ಇದೆ, ಬೇಗ ಹೇಳಿಬಿಡ್ತೀನಿ.

2024ರಲ್ಲಿ ರೊಬಸ್ಟಾ ಕಾಫಿಯ ದರ ಹಿಂದೆಂದೂ ಇಲ್ಲದಷ್ಟು ಏರಿದಾಗ ಹೋಟೆಲುಗಳಲ್ಲಿ ಆದ ಮಾತು, ಮೊದಲೇ ಮಾರಿಬಿಟ್ಟವರ ಮುಖ, ಅದೇ ಒಂದು ಉಪನ್ಯಾಸಕ್ಕೆ ಆಗುತ್ತೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಂಗಳೂರು ರಸ್ತೆ ಕಡಿದುಹೋದಾಗ ಯಾರು ಎಲ್ಲಿದ್ದಾರೆ ಅನ್ನೋ ಸುದ್ದಿ ಎಷ್ಟೋ ಜನರಿಗೆ ಸಿಕ್ಕಿದ್ದು ಹೋಟೆಲಿನಲ್ಲೇ.

ಹೆಂಗಸರ ವಿಷಯ ಹಾರಿಸಬಾರದು. ಇಷ್ಟು ಹೊತ್ತು ನಾನು ಹೊಗಳಿದ ಬೆಂಚಿನಲ್ಲಿ ಬಹಳ ಕಾಲ ಕೂತಿದ್ದವರು ಗಂಡಸರೇ. ಹೆಂಗಸರಿಗೆ ಹಿಂದುಗಡೆ ಪರದೆ ಹಾಕಿದ ‘ಫ್ಯಾಮಿಲಿ ರೂಮ್’, ಅದೂ ಜೊತೆಗೆ ಯಾರಾದರೂ ಇದ್ದರೆ. ನಮ್ಮ ತಾಯಿ ಸಂತೆಗೆ ಬಂದರೆ ಮನೆಯಿಂದ ತಂದ ಒಟ್ಟಿಯನ್ನು, ಅಂದರೆ ಅಕ್ಕಿ ರೊಟ್ಟಿಯನ್ನು, ಬಸ್ಸಿನೊಳಗೇ ತಿಂತಿದ್ದರು. ಈಗ ಸಂತೆಗೆ ಸೊಪ್ಪು ತರುವ ಹೆಂಗಸರು ಮುಂದಿನ ಟೇಬಲ್ಲಿಗೇ ಬಂದು ಕೂರ್ತಾರೆ, ಜೋರಾಗಿ ಮಾತಾಡ್ತಾರೆ. ಅರಳಿಕಟ್ಟೆ ಈಗ ಸ್ವಲ್ಪ ಪೂರ್ತಿಯಾಗ್ತಿದೆ ಅನ್ನುವಾಗಲೇ ಬಾಗಿಲು ಹಾಕ್ತಿದ್ದೀವಲ್ಲ!

ಪ್ರವಾಸಿಗರನ್ನು ಬೈಯಬೇಕು ಅಂತ ಬರೆದುಕೊಂಡಿದ್ದೆ, ಅದು ಬಿಟ್ಟೆ. ಅವರ ದುಡ್ಡಿನಿಂದ ಎಷ್ಟೋ ಮನೆ ನಡೀತಿದೆ.

ಕೊನೆಗೆ ಒಂದೇ ಕೋರಿಕೆ, ಸಭೆಯಲ್ಲಿ ನಗರಸಭೆಯ ಸದಸ್ಯರೂ ಇದ್ದಾರೆ ಅಂತ ಕೇಳಿದೆ. ಊರಿನ ಮಳಿಗೆಗಳನ್ನು ಹರಾಜು ಹಾಕುವಾಗ ಜಾಸ್ತಿ ಕೂಗಿದವರಿಗೆ ಕೊಡ್ತೀರಿ, ಅದು ನಿಯಮ. ಇಡ್ಲಿ ಮಾರುವವರು ಚಾಕೊಲೇಟ್ ಮಾರುವವರಷ್ಟು ಕೂಗೋಕಾಗಲ್ಲ. ಸಂತೆ ಹತ್ತಿರ ಒಂದು, ಬಸ್ ಸ್ಟ್ಯಾಂಡ್ ಹತ್ತಿರ ಒಂದು, ಎರಡೇ ಮಳಿಗೆ ಬೆಂಚು ಇರುವ ಹೋಟೆಲಿಗೆ ಅಂತ ತೆಗೆದಿಡಿ. ಬಾಡಿಗೆ ಬೇರೆ ನಿಗದಿ ಮಾಡಿ. ಅರ್ಜಿ ಬರೆದು ತಂದಿದ್ದೀನಿ, ಬಾಗಿಲ ಹತ್ತಿರದ ಟೇಬಲ್ಲಿನ ಮೇಲಿದೆ. ಸಹಿ ಹಾಕಿ ಹೋಗಿ. ಹೋಗುವಾಗ ನಿಮ್ಮ ನಿಮ್ಮ ಕೊಡೆಯನ್ನೇ ತಗೊಳ್ಳಿ.